ಕೂಗಳತೆಯ ಮನೆಗೆ ಎರಡು ಮೈಲಿ ದಾರಿ

ಸಮ್ಮೇಳನಕ್ಕೆ ಬಂದ ಕನ್ನಡಿಗರಿಬ್ಬರು ಎದುರಾದಾಗ ಊರು, ಮನೆತನ, ಮಕ್ಕಳ ಓದು ಇವುಗಳ ವಿಚಾರಣೆ ಮುಗಿದ ಮೇಲೆ ತಪ್ಪದೆ ಕೇಳಿಕೊಳ್ಳುವ ಪ್ರಶ್ನೆ ಒಂದಿದೆ: "ನಿಮ್ಮಲ್ಲಿಂದ ಎಷ್ಟು ಗಂಟೆ ಡ್ರೈವ್?" ನಮ್ಮ ಹಿರಿಯರು ದೂರವನ್ನು ಕೂಗಳತೆಯಲ್ಲಿ, ಹರದಾರಿಯಲ್ಲಿ, ಗಾವುದದಲ್ಲಿ ಹೇಳುತ್ತಿದ್ದರು. ಅವು ಮನುಷ್ಯನ ಕೊರಳಿಗೂ ಕಾಲಿಗೂ ಒಗ್ಗಿದ ಅಳತೆಗಳು. ಈ ದೇಶಕ್ಕೆ ಬಂದು ಮೂರು ದಶಕ ಕಳೆದ ನನಗೆ, ಕೂಗಳತೆಯಲ್ಲಿರುವ ಮನೆಯೊಂದಕ್ಕೆ ಎರಡು ಮೈಲಿ ದಾರಿ ಇರುವುದು ಹೇಗೆ ಸಾಧ್ಯವೆಂಬುದು ಅರ್ಥವಾಗಲು ಬಹಳ ಕಾಲ ಬೇಕಾಯಿತು. ನಾನು ಎಂಜಿನಿಯರಳಲ್ಲ, ನಗರ ಯೋಜನೆ ಓದಿದವಳೂ ಅಲ್ಲ. ಚರಿತ್ರೆ ಮತ್ತು ಕನ್ನಡ ಸಾಹಿತ್ಯ ಓದಿ ಬಿ.ಎ. ಮುಗಿಸಿ, ಮನೆ ಮಕ್ಕಳನ್ನು ನೋಡಿಕೊಂಡು ಬಂದ ಗೃಹಿಣಿ. ಆದರೆ ಬೀದಿಯ ವಿಷಯ ಗೃಹಿಣಿಗೆ ತಿಳಿಯುವಷ್ಟು ಬೇರೆಯವರಿಗೆ ತಿಳಿಯದೆಂದು ನನ್ನ ನಂಬಿಕೆ. ದಿನಕ್ಕೆ ನಾಲ್ಕು ಬಾರಿ ಗ್ಯಾರೇಜಿನ ಬಾಗಿಲು ತೆಗೆದು ಹಾಕುವವಳು ಅವಳೇ ತಾನೇ?

1994ರಲ್ಲಿ ಮದುವೆಯಾದ ಹೊಸದರಲ್ಲಿ ನಾನು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಕೌಂಟಿಗೆ ಬಂದೆ. ಮೂರು ವರ್ಷಗಳ ನಂತರ ಅದೇ ಕೌಂಟಿಯ ಪಶ್ಚಿಮ ಭಾಗದಲ್ಲಿ ನಾವು ಮನೆ ಕೊಂಡೆವು. ಬೀದಿಯ ತುದಿಯಲ್ಲಿ ವೃತ್ತಾಕಾರವಾಗಿ ಮುಗಿದುಹೋಗುವ ಕಲ್-ಡಿ-ಸ್ಯಾಕಿನ ಕೊನೆಯ ಮನೆ. ಮುಂದೆ ದಾರಿಯಿಲ್ಲ, ಆದ್ದರಿಂದ ಹಾದುಹೋಗುವ ವಾಹನವೂ ಇಲ್ಲ. "ಮಕ್ಕಳು ಬೀದಿಯಲ್ಲೇ ಆಡಬಹುದು" ಎಂದು ಮನೆ ತೋರಿಸಿದಾಕೆ ಹೇಳಿದ ಮಾತಿಗೆ ಸೋತು, ಕೇಳಿದ್ದಕ್ಕಿಂತ ಹೆಚ್ಚೇ ಹಣ ಕೊಟ್ಟು ಕೊಂಡೆವು. ಮಕ್ಕಳು ಆಡಿದರು, ಅದನ್ನು ಅಲ್ಲಗಳೆಯಲಾರೆ.

1999ರಲ್ಲಿ ಅತ್ತೆಯವರು ಆರು ತಿಂಗಳ ಮಟ್ಟಿಗೆ ಬಂದರು. ಬೆಂಗಳೂರಿನಲ್ಲಿ ದಿನವೂ ಬೆಳಿಗ್ಗೆ ದೇವಸ್ಥಾನಕ್ಕೆ, ಸಂಜೆ ತರಕಾರಿಗೆ ನಡೆದೇ ಹೋಗುತ್ತಿದ್ದ ಜೀವ. ಇಲ್ಲಿ ಮೊದಲ ವಾರವೆಲ್ಲ ಹಿತ್ತಲಿನ ಡೆಕ್ಕಿನ ಮೇಲೆ ಕುಳಿತು ಮರಗಳನ್ನು ನೋಡಿದರು. ಎರಡನೆಯ ವಾರ ನಮ್ಮ ಬೇಲಿಯಾಚೆ, ಪಕ್ಕದ ಬಡಾವಣೆಯ ಮನೆಯ ಡೆಕ್ಕಿನಲ್ಲಿ, ಸೀರೆಯುಟ್ಟ ಇನ್ನೊಬ್ಬ ಅಜ್ಜಿ ಕಾಣಿಸಿದರು. ಚಿಕ್ಕಮಗಳೂರು ಕಡೆಯವರು, ಮಗನ ಮನೆಗೆ ಬಂದವರು. ಅಂದಿನಿಂದ ಇಬ್ಬರಿಗೂ ಬೇಲಿಯೇ ಜಗಲಿಯಾಯಿತು. "ಊಟ ಆಯ್ತಾ?" "ಏನು ಹುಳಿ ಮಾಡಿದ್ರಿ?" ಎಂದು ಕೂಗಿ ಮಾತಾಡುವರು. ಆದರೆ ಹತ್ತಿರ ಹೋಗುವಂತಿಲ್ಲ. ನಮ್ಮದೊಂದು ಬೇಲಿ, ಅವರದೊಂದು ಬೇಲಿ, ನಡುವೆ ಮಳೆನೀರು ಹರಿಯಲು ಬಿಟ್ಟ, ಮುಳ್ಳುಬಳ್ಳಿ ತುಂಬಿದ ಹಳ್ಳ. ರಸ್ತೆಯಲ್ಲಿ ಹೋಗಬೇಕಾದರೆ ನಮ್ಮ ಬಡಾವಣೆಯ ಏಕೈಕ ಬಾಗಿಲಿನಿಂದ ಹೊರಬಿದ್ದು, ಫುಟ್‌ಪಾತೇ ಇಲ್ಲದ ದೊಡ್ಡ ರಸ್ತೆಯಲ್ಲಿ ಸಾಗಿ, ಅವರ ಬಡಾವಣೆಯ ಏಕೈಕ ಬಾಗಿಲನ್ನು ಹೊಕ್ಕು ಸುತ್ತಿ ಬರಬೇಕು. ಕಾರಿನ ಮೀಟರಿನಲ್ಲಿ ನೋಡಿದೆ: ಎರಡು ಮೈಲಿಗೆ ಸ್ವಲ್ಪ ಹೆಚ್ಚು.

"ಅಲ್ಲಮ್ಮಾ, ಆ ಮನೆ ಇಲ್ಲೇ ಕಾಣತ್ತಲ್ಲ, ಅಲ್ಲಿಗೆ ಹೋಗೋದಕ್ಕೆ ಕಾರು ಯಾಕೆ?" ಎಂದು ಅತ್ತೆಯವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಆ ವರ್ಷ ನವರಾತ್ರಿಗೆ ಅವರು ಊರಿನಿಂದ ತಂದಿದ್ದ ಪಟ್ಟದ ಬೊಂಬೆಗಳನ್ನು ಕೂರಿಸಿದೆವು. ವಾರದ ನಡುವಿನ ದಿನ. ಆ ಕಡೆಯ ಮಗ ಸೊಸೆ ಕೆಲಸದಿಂದ ಬರುವುದು ರಾತ್ರಿಯಾಗುತ್ತಿತ್ತು. ನನಗೆ ಚಿಕ್ಕ ಮಗಳ ಜ್ವರ. ಅತ್ತೆಯವರು ಆರತಿ ತಟ್ಟೆಯನ್ನು ಬೇಲಿಯ ಬಳಿಗೆ ಒಯ್ದು ಎತ್ತಿ ತೋರಿಸಿದರು. ಹಳ್ಳದಾಚೆ ಆ ತಾಯಿ ಕಣ್ಣಿಗೊತ್ತಿಕೊಂಡರು. ಕುಂಕುಮ ಮಾತ್ರ ದಾಟಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಮಲ್ಲೇಶ್ವರದಲ್ಲಿ. 1898ರ ಪ್ಲೇಗಿನ ನಂತರ ಬೆಂಗಳೂರಿನ ಜನ ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದು ನೆಲೆಸಿದ ಬಡಾವಣೆಗಳಲ್ಲಿ ಅದೂ ಬಸವನಗುಡಿಯೂ ಮುಖ್ಯವಾದವು. ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆಗಳು ಉದ್ದಕ್ಕೆ. ಅಡ್ಡರಸ್ತೆಗಳು ಸಾಲಾಗಿ ಅವನ್ನು ಕತ್ತರಿಸುವುವು. ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಸಂದಿಗಳು. ಎಂಟನೆಯ ಅಡ್ಡರಸ್ತೆಯ ಪೇಟೆಗೆ ಹೋಗಲು ನಮ್ಮ ಮನೆಯಿಂದ ಐದಾರು ದಾರಿಗಳಿದ್ದವು. ಗೆಳತಿಯ ಮನೆಯ ಮುಂದೆ ಹಾಯುವ ದಾರಿ ಒಂದು, ಸಾಲ ಕೊಟ್ಟ ಅಂಗಡಿಯವನ ಕಣ್ಣು ತಪ್ಪಿಸುವ ದಾರಿ ಇನ್ನೊಂದು! ಎಲ್ಲಿ ಹೊರಟರೂ ನೂರಿನ್ನೂರು ಹೆಜ್ಜೆಗೆ ಒಂದು ತಿರುವು ಸಿಗುತ್ತಿತ್ತು. ಕಾಲೇಜಿಗೂ ನಡೆದೇ ಹೋದೆ. ನಡಿಗೆಯನ್ನು ನಾವು ವ್ಯಾಯಾಮವೆಂದು ಎಣಿಸಿದವರಲ್ಲ. ಅದು ಉಸಿರಾಟದಂತೆ ಆಗಿಹೋಗುತ್ತಿತ್ತು. ಇಂದಿನ ಮಲ್ಲೇಶ್ವರವನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. ಈಗ ಅಲ್ಲಿಗೆ ಹೋದರೆ ಫುಟ್‌ಪಾತಿನ ಮೇಲೆ ಸ್ಕೂಟರುಗಳು ನಿಂತಿರುತ್ತವೆ, ರಸ್ತೆ ದಾಟಲು ಜೀವ ಕೈಯಲ್ಲಿ ಹಿಡಿಯಬೇಕಾಗುತ್ತದೆ. ಬೀದಿಗಳ ಹೆಣಿಗೆ ಉಳಿದಿದೆ, ನಡೆಯುವವರ ಜಾಗ ಹೋಗಿದೆ. ಬೀದಿಯ ನಕ್ಷೆ ಚೆನ್ನಾಗಿದ್ದರೆ ಸಾಲದೆಂಬುದಕ್ಕೆ ನನ್ನ ತವರೇ ಸಾಕ್ಷಿ.

ಅಮೆರಿಕದವರು ಮೊದಲಿನಿಂದ ಹೀಗೆ ಕೊನೆ ಮುಚ್ಚಿದ ಬೀದಿಗಳನ್ನು ಕಟ್ಟಿದವರೇನಲ್ಲ. ನಮ್ಮ ವಾಷಿಂಗ್ಟನ್ ನಗರಕ್ಕೆ 1791ರಲ್ಲಿ ಲಾನ್‌ಫಾಂಟ್ ಹಾಕಿದ ನಕ್ಷೆಯಲ್ಲಿ ನೇರ ಬೀದಿಗಳೂ ಅವುಗಳನ್ನು ಓರೆಯಾಗಿ ಸೀಳುವ ಹೆದ್ದಾರಿಗಳೂ ಇವೆ. ದಾರಿ ಮುಗಿಯುವುದೇ ಇಲ್ಲ. ಬದಲಾವಣೆಯ ಬೀಜ ಬಿದ್ದದ್ದು ನ್ಯೂಜೆರ್ಸಿಯಲ್ಲಿ. ಅಲ್ಲಿ 1929ರಲ್ಲಿ ಕ್ಲಾರೆನ್ಸ್ ಸ್ಟೈನ್ ಮತ್ತು ಹೆನ್ರಿ ರೈಟ್ ಎಂಬುವರು ರ‍್ಯಾಡ್‌ಬರ್ನ್ ಎಂಬ ಬಡಾವಣೆಯನ್ನು ನಿರ್ಮಿಸಿದರು. ಕಾರುಗಳ ಹಾವಳಿಯಿಂದ ಮಕ್ಕಳನ್ನು ಕಾಪಾಡಬೇಕೆಂದು ಮನೆಗಳನ್ನು ಕೊನೆ ಮುಚ್ಚಿದ ಬೀದಿಗಳ ಸುತ್ತ ಇಟ್ಟರು. ಆದರೆ ಅದೇ ಮನೆಗಳ ಇನ್ನೊಂದು ಮಗ್ಗುಲಿನಲ್ಲಿ ಉದ್ಯಾನದೊಳಗೆ ಕಾಲುದಾರಿಗಳನ್ನೂ ಹೆಣೆದರು. ಕಾರಿಗೆ ದಾರಿ ಮುಚ್ಚಿತ್ತು, ಕಾಲಿಗೆ ತೆರೆದಿತ್ತು. ಮುಂದೆ, 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್, ಮನೆಸಾಲಕ್ಕೆ ವಿಮೆ ಕೊಡುವಾಗ ಕಲ್-ಡಿ-ಸ್ಯಾಕುಗಳನ್ನು ಮೆಚ್ಚಿ, ಚೌಕುಳಿ ಬೀದಿಗಳನ್ನು ನಿರುತ್ತೇಜನಗೊಳಿಸಿತು. ಮನೆ ಕಟ್ಟುವವರು ರ‍್ಯಾಡ್‌ಬರ್ನಿನ ಪಾಠದಲ್ಲಿ ಅರ್ಧವನ್ನು ಮಾತ್ರ ನಕಲು ಮಾಡಿದರು. ಮುಚ್ಚಿದ ಬೀದಿಯನ್ನು ತೆಗೆದುಕೊಂಡರು, ಕಾಲುದಾರಿಯನ್ನು ಬಿಟ್ಟರು. ನಮ್ಮ ಮನೆ ಆ ಅರ್ಧ ನಕಲಿನ ಒಂದು ಪ್ರತಿ.

ಪೂರ್ತಿ ಪಾಠ ಹೇಗಿರುತ್ತದೆಂದು ನೋಡಬೇಕಾದರೆ ನಮ್ಮ ಸೀಮೆಯಲ್ಲಿ ದೂರ ಹೋಗಬೇಕಿಲ್ಲ. ಮೇರಿಲ್ಯಾಂಡಿನ ಲ್ಯಾನ್‌ಹಮ್‌ನಲ್ಲಿರುವ ಶಿವ-ವಿಷ್ಣು ದೇವಾಲಯಕ್ಕೆ ನಮ್ಮವರಲ್ಲಿ ಹೋಗದವರು ಕಡಿಮೆ. ಅದರ ನೆರೆಯಲ್ಲೇ ಗ್ರೀನ್‌ಬೆಲ್ಟ್ ಎಂಬ ಪುಟ್ಟ ಊರಿದೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ಫೆಡರಲ್ ಸರ್ಕಾರವೇ ಕಟ್ಟಿಸಿದ ಊರು. 1937ರಲ್ಲಿ ಮೊದಲ ಕುಟುಂಬಗಳು ಬಂದವು. ಮನೆಗಳ ಹಿಂದಿನಿಂದ ಹೊರಟ ಕಾಲುದಾರಿಗಳು ದೊಡ್ಡ ರಸ್ತೆಯ ಅಡಿಯಲ್ಲಿ ಸುರಂಗದಂತೆ ನುಸುಳಿ ಅಂಗಡಿಗಳಿಗೂ ಶಾಲೆಗೂ ಮುಟ್ಟುತ್ತವೆ. ಪೂಜೆ ಮುಗಿಸಿ ಹಿಂದಿರುಗುವಾಗ ಒಮ್ಮೆ ಕುತೂಹಲದಿಂದ ಇಳಿದು ಓಡಾಡಿದೆ. ಏಳೆಂಟು ವರ್ಷದ ಹುಡುಗಿಯೊಬ್ಬಳು ಒಬ್ಬಳೇ ಕೈಯಲ್ಲಿ ಹಾಲಿನ ಡಬ್ಬ ಹಿಡಿದು ಬರುತ್ತಿದ್ದಳು. ನನ್ನ ಮಕ್ಕಳು ಹದಿನಾರು ತುಂಬುವವರೆಗೆ ಹಾಲು ತಂದದ್ದಿಲ್ಲ, ಲೈಸೆನ್ಸ್ ಬೇಕಾಗಿತ್ತಲ್ಲ! ನಮ್ಮ ಕೌಂಟಿಯಲ್ಲೇ 1964ರಲ್ಲಿ ರಾಬರ್ಟ್ ಸೈಮನ್ ಸ್ಥಾಪಿಸಿದ ರೆಸ್ಟನ್‌ನಲ್ಲಿ ಐವತ್ತು ಮೈಲಿಗೂ ಹೆಚ್ಚು ಕಾಲುದಾರಿಗಳಿವೆ. ಅಲ್ಲಿಯೂ ಕಲ್-ಡಿ-ಸ್ಯಾಕುಗಳು ಬೇಕಾದಷ್ಟಿವೆ. ಆದರೆ ಅವುಗಳ ಮೂಲೆಯಲ್ಲಿ ಮರಗಳ ನಡುವೆ ಒಂದು ಸಂದಿ ಬಿಟ್ಟಿರುತ್ತಾರೆ.

ರೈಲಿನ ಮಾತನ್ನೂ ಇಲ್ಲಿ ಹೇಳಬೇಕು. ನನ್ನ ಯಜಮಾನರು ಬಹುಕಾಲ ಮೆಟ್ರೋದ ಆರೆಂಜ್ ಲೈನಿನಲ್ಲಿ ಕೆಲಸಕ್ಕೆ ಹೋಗಿಬಂದರು. ಆರ್ಲಿಂಗ್ಟನ್ನಿನಲ್ಲಿ ಆ ರೈಲು ಊರಿನ ಬೀದಿಗಳ ಕೆಳಗೆ ಹೋಗುತ್ತದೆ. 1979ರಲ್ಲಿ ಬಾಲ್‌ಸ್ಟನ್‌ವರೆಗೆ ಬಂತು. ನಿಲ್ದಾಣದ ಮೆಟ್ಟಿಲೇರಿದರೆ ಅಂಗಡಿ, ಮನೆ, ಕಚೇರಿಗಳು ಎದುರಿಗೇ ಇರುತ್ತವೆ, ಜನ ನಡೆದು ಬರುತ್ತಾರೆ. ಅದೇ ರೈಲು 1986ರಲ್ಲಿ ನಮ್ಮ ಕೌಂಟಿಯ ವಿಯೆನ್ನಾಕ್ಕೆ ಬಂದಾಗ ಹೆದ್ದಾರಿಯ ನಟ್ಟನಡುವೆ ಬಂತು. ಇಳಿದರೆ ಎರಡೂ ಕಡೆ ಕಾರುಗಳ ಪ್ರವಾಹ, ಆಚೆಗೆ ಕಾರು ನಿಲ್ಲಿಸುವ ಬಯಲು. ಒಂದೇ ರೈಲು, ಒಂದೇ ಬಗೆಯ ಜನ. ಆದರೂ ಅಲ್ಲಿಯವರು ಕಾಲಿನ ಮೇಲೆ, ಇಲ್ಲಿಯವರು ಚಕ್ರದ ಮೇಲೆ. ಇದರಲ್ಲಿ ಜನರ ಸೋಮಾರಿತನದ ಪಾಲೆಷ್ಟು, ಬೀದಿಯ ಪಾಲೆಷ್ಟು ಎಂದು ಓದುಗರೇ ಯೋಚಿಸಬಹುದು.

ನನ್ನ ತಂಗಿಯ ಸಂಸಾರ ಅಟ್ಲಾಂಟಾದ ಉತ್ತರಕ್ಕೆ ಆಲ್ಫರೆಟ್ಟಾದಲ್ಲಿದೆ. ಅವಳ ಮನೆಗೆ ಹೋದಾಗಲೆಲ್ಲ ನಡೆಯುವುದಕ್ಕಾಗಿ ಕಾರು ಹತ್ತುತ್ತೇವೆ. ಬಿಗ್ ಕ್ರೀಕ್ ಗ್ರೀನ್‌ವೇ ಎಂಬ ಸೊಗಸಾದ ಕಾಲುದಾರಿಗೆ ಕಾರಿನಲ್ಲಿ ಹೋಗಿ, ಒಂದು ಗಂಟೆ ನಡೆದು, ಕಾರಿನಲ್ಲಿ ಮರಳುತ್ತೇವೆ. 2014ರಲ್ಲಿ ತೆರೆದ ಅವಲಾನ್ ಎಂಬ ಅಂಗಡಿಬೀದಿಯಂತೂ ಹಳೆಯ ಊರಿನ ಪೇಟೆಯ ಹಾಗೆಯೇ ಇದೆ. ಅಲ್ಲಿಯೂ ಮೊದಲು ಪಾರ್ಕಿಂಗ್ ಹುಡುಕಬೇಕು. "ಅಕ್ಕಾ, ನಮ್ಮವರಿಗೆ ಸಕ್ಕರೆ ಕಾಯಿಲೆ ಬಂದದ್ದು ಅನ್ನದಿಂದಲ್ಲ, ಈ ಸೀಟಿನಿಂದ" ಎಂದು ತಂಗಿ ತಮಾಷೆಗೆ ಹೇಳುತ್ತಿದ್ದಳು. ತಮಾಷೆಯೇನೂ ಅಲ್ಲವೆಂದು ನಂತರ ತಿಳಿಯಿತು. ಅಟ್ಲಾಂಟಾ ಪ್ರದೇಶದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ಲಾರೆನ್ಸ್ ಫ್ರ್ಯಾಂಕ್ ಎಂಬ ವಿದ್ವಾಂಸರೂ ಅವರ ಜೊತೆಗಾರರೂ ಅಧ್ಯಯನ ಮಾಡಿ 2004ರಲ್ಲಿ ವರದಿ ಪ್ರಕಟಿಸಿದರು. ದಿನಕ್ಕೆ ಕಾರಿನಲ್ಲಿ ಕಳೆಯುವ ಪ್ರತಿ ಹೆಚ್ಚುವರಿ ಗಂಟೆಯೊಡನೆ ಬೊಜ್ಜಿನ ಸಂಭವ ಶೇಕಡಾ 6ರಷ್ಟು ಹೆಚ್ಚು. ನಡೆಯುವ ಪ್ರತಿ ಹೆಚ್ಚುವರಿ ಕಿಲೋಮೀಟರಿನೊಡನೆ ಶೇಕಡಾ 4.8ರಷ್ಟು ಕಡಿಮೆ. ಮನೆ, ಅಂಗಡಿ, ಕಚೇರಿಗಳು ಬೆರೆತಿರುವ ನೆರೆಹೊರೆಗಳಲ್ಲಿ ಬೊಜ್ಜು ಕಡಿಮೆಯಿತ್ತೆಂದೂ ಅವರು ಕಂಡರು. ಇದೇ ಅಟ್ಲಾಂಟಾದಲ್ಲಿ ರಯಾನ್ ಗ್ರಾವೆಲ್ ಎಂಬ ವಿದ್ಯಾರ್ಥಿ 1999ರಲ್ಲಿ ಜಾರ್ಜಿಯಾ ಟೆಕ್‌ನಲ್ಲಿ ಬರೆದ ಪ್ರಬಂಧದಿಂದ ಬೆಲ್ಟ್‌ಲೈನ್ ಹುಟ್ಟಿತು. ನಗರವನ್ನು ಬಳಸಿದ 22 ಮೈಲಿಯ ಹಳೆಯ ರೈಲುದಾರಿಯನ್ನು ಜನರ ದಾರಿಯಾಗಿ ಮಾಡುವ ಕೆಲಸ. ಅದರ ಪೂರ್ವ ಭಾಗ 2012ರಲ್ಲಿ ತೆರೆದಾಗ, ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಳಿತಿದ್ದ ನೆರೆಹೊರೆಗಳು ಒಂದಕ್ಕೊಂದು ಮುಖ ತಿರುಗಿಸಿದವು. ಮನೆಗಳ ಬೆಲೆಯೂ ಏರಿ, ಹಳಬರು ಅನೇಕರು ಅಲ್ಲಿ ಉಳಿಯಲಾರದಾದರು ಎಂಬುದನ್ನೂ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ.

ಇಷ್ಟೆಲ್ಲ ಓದಿದ ಮೇಲೂ ನನ್ನಲ್ಲೊಂದು ಸಂದೇಹ ಉಳಿದಿತ್ತು. ನಡೆಯುವ ಸ್ವಭಾವದವರು ನಡೆಯುವಂಥ ಊರನ್ನು ಹುಡುಕಿಕೊಂಡು ಹೋಗುತ್ತಾರೆ. ಅಂದಮೇಲೆ ಬೀದಿಗೇಕೆ ಹೊಗಳಿಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಉತ್ತರ ಕೆರೊಲಿನಾದಲ್ಲಿ, ಮಗಳ ಬಾಣಂತನಕ್ಕೆಂದು ಹೋದಾಗ. ಅವಳಿರುವುದು ಚಾಪೆಲ್ ಹಿಲ್‌ನ ಸದರ್ನ್ ವಿಲೇಜ್ ಎಂಬ ಬಡಾವಣೆಯಲ್ಲಿ. 1990ರ ದಶಕದಲ್ಲಿ, ಹಳೆಯ ಊರುಗಳ ಮಾದರಿಯಲ್ಲಿ ಬೇಕೆಂದೇ ಕಟ್ಟಿದ್ದು. ಮನೆಗಳ ಮುಂದೆ ಜಗಲಿ, ಹಿಂದೆ ಕಾರಿಗಾಗಿ ಓಣಿ. ನನಗಂತೂ ಮಲ್ಲೇಶ್ವರದ ಸಂದಿಗಳೇ ನೆನಪಾದವು. ನಡುವೆ ದಿನಸಿ ಅಂಗಡಿ, ಹುಲ್ಲಿನ ಬಯಲು, ಶಾಲೆ, ಸಿನಿಮಾ ಮಂದಿರ. 2002ರಿಂದ ಆ ಊರಿನ ಬಸ್ಸಿಗೆ ಟಿಕೇಟೇ ಇಲ್ಲ. ಚಾಪೆಲ್ ಹಿಲ್ ವಿಶ್ವವಿದ್ಯಾಲಯದ ಖಟ್ಟಕ್ ಮತ್ತು ರೊಡ್ರಿಗೆಜ್ ಎಂಬ ಇಬ್ಬರು ಇದೇ ಬಡಾವಣೆಯ ಮನೆಗಳನ್ನೂ ಹತ್ತಿರದ ಸಾಮಾನ್ಯ ಮಾದರಿಯ ಬಡಾವಣೆಗಳ ಮನೆಗಳನ್ನೂ ಹೋಲಿಸಿ 2005ರಲ್ಲಿ ಬರೆದಿದ್ದಾರೆ. ಎರಡೂ ಕಡೆಯವರು ಮನೆಯಿಂದ ಹೊರಡುವ ಸಲಗಳು ಹೆಚ್ಚುಕಡಿಮೆ ಒಂದೇ. ಆದರೆ ಸದರ್ನ್ ವಿಲೇಜಿನವರು ಕಾರಿನಲ್ಲಿ ಹೊರಡುವುದು ಕಡಿಮೆ, ಬಡಾವಣೆಯಾಚೆ ಹೋಗುವುದು ಕಡಿಮೆ, ಕ್ರಮಿಸುವ ಮೈಲಿಗಳೂ ಕಡಿಮೆ. ನಡೆಯುವ ಸ್ವಭಾವದವರೇ ಅಲ್ಲಿಗೆ ಬಂದು ಸೇರಿದರೆಂಬ ಆಕ್ಷೇಪವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ವ್ಯತ್ಯಾಸ ಉಳಿಯಿತು.

ನನಗೆ ಅದಕ್ಕಿಂತ ದೊಡ್ಡ ಪುರಾವೆ ನಾನೇ. ಆ ಮೂರು ತಿಂಗಳಲ್ಲಿ ಅಳಿಯಂದಿರ ಕಾರಿನ ಬೀಗದಕೈಯನ್ನು ನಾನು ಕೇಳಿದ್ದು ನಾಲ್ಕೋ ಐದೋ ಬಾರಿ. ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿಕೊಂಡು ದಿನವೂ ಸೊಪ್ಪಿಗೋ ಹಾಲಿಗೋ ನಡೆದೆ. ಎರಡನೆಯ ವಾರಕ್ಕೆ ಜಗಲಿಯಲ್ಲಿ ಕೂರುವ ಮುದುಕರೊಬ್ಬರು ಹೆಸರು ಹಿಡಿದು ಕರೆಯತೊಡಗಿದರು. ಮೊಣಕಾಲು ಅದೇ, ವಯಸ್ಸು ಅದೇ, ಸ್ವಭಾವವೂ ಅದೇ. ವರ್ಜೀನಿಯಾದಲ್ಲಿ ಅಂಚೆಪೆಟ್ಟಿಗೆಯವರೆಗೆ ಹೋಗಲು ಬೇಸರಿಸುತ್ತಿದ್ದವಳು ಅಲ್ಲಿ ನಡೆದದ್ದು ಹೇಗೆ? ಇನ್ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಯೂಯಿಂಗ್ ಮತ್ತು ಸರ್ವೆರೊ ಎಂಬುವರು 2010ರಲ್ಲಿ ಹೇಳಿದ್ದೂ ಇದನ್ನೇ. ಜನ ನಡೆಯುವುದಕ್ಕೂ ಬೀದಿಗಳ ಕೂಡುಗಳು ಒತ್ತೊತ್ತಾಗಿರುವುದಕ್ಕೂ, ನಡೆದು ಮುಟ್ಟಬಹುದಾದ ಅಂಗಡಿ ಮುಂಗಟ್ಟುಗಳಿರುವುದಕ್ಕೂ ಹೆಚ್ಚಿನ ಸಂಬಂಧವಿದೆ.

ಈಗ ನನ್ನದೊಂದು ತಪ್ಪನ್ನು ಹೇಳಿಬಿಡಬೇಕು. 2001ರಲ್ಲಿ ನಮ್ಮ ಎರಡು ಬಡಾವಣೆಗಳ ನಡುವೆ, ಆ ಹಳ್ಳದ ಮೇಲೆ ಐದಡಿ ಅಗಲದ ಕಾಲುದಾರಿಯೊಂದನ್ನು ಮಾಡುವ ಪ್ರಸ್ತಾಪ ಬಂತು. ಕಾರಿಗಲ್ಲ, ಕಾಲಿಗೆ. ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ನಿಂತು, ಕಳ್ಳರು ಬರುತ್ತಾರೆ, ಪರಿಚಯವಿಲ್ಲದವರು ಓಡಾಡುತ್ತಾರೆ, ಮನೆಯ ಬೆಲೆ ಇಳಿಯುತ್ತದೆ ಎಂದರು. ವಿರೋಧದ ಅರ್ಜಿ ಕೈಯಿಂದ ಕೈಗೆ ಬಂದಾಗ ನಾನೂ ಸಹಿ ಹಾಕಿದೆ. ದಾರಿ ನಮ್ಮ ಮನೆಯ ಪಕ್ಕದಲ್ಲೇ ಹಾಯಬೇಕಿತ್ತು. ಬೇಲಿಯಾಚೆಯಿಂದ ಬರುವ ಅಪರಿಚಿತರೆಂದರೆ ಯಾರು? ಆ ಚಿಕ್ಕಮಗಳೂರಿನ ತಾಯಿಯೂ ಒಬ್ಬರಲ್ಲವೇ? ಆ ಯೋಚನೆ ಆಗ ಹೊಳೆಯಲೇ ಇಲ್ಲ. ಅತ್ತೆಯವರು 2003ರಲ್ಲಿ ಎರಡನೆಯ ಬಾರಿ ಬಂದರು, ಮತ್ತೆ ಬೇಲಿಯ ಬಳಿ ನಿಂತೇ ಮಾತಾಡಿದರು. ನಾನು ಸಹಿ ಹಾಕಿದ ಸಂಗತಿ ಅವರಿಗೆ ಹೇಳಲಿಲ್ಲ. ಮುಂದೆ ಅವರು ಬರಲಿಲ್ಲ. "ನಿಮ್ಮ ಮನೆ ಚೆನ್ನಾಗಿದೆ ಕಣಮ್ಮಾ, ಆದ್ರೆ ಬಾಗಿಲು ತೆಗೆದರೆ ಎಲ್ಲಿಗೂ ಹೋಗಲ್ಲ" ಎಂದು ಫೋನಿನಲ್ಲಿ ಅಂದಿದ್ದರು. 2009ರಲ್ಲಿ ತೀರಿಕೊಂಡರು.

ಕಾಕತಾಳೀಯವೆಂಬಂತೆ ವರ್ಜೀನಿಯಾ ರಾಜ್ಯ ಹೊಸ ಬಡಾವಣೆಗಳಿಗೆ ನಿಯಮ ತಂದದ್ದು ಅದೇ 2009ರಲ್ಲಿ. 1932ರಿಂದ ಈ ರಾಜ್ಯದ ಬಹುಪಾಲು ಕೌಂಟಿಗಳಲ್ಲಿ ಬಡಾವಣೆಯ ಬೀದಿಯನ್ನು ಸಂಭಾಳಿಸುವ ಹೊಣೆ ರಾಜ್ಯದ್ದೇ. ಒಂದಕ್ಕೊಂದು ಕೂಡದ ಬೀದಿಗಳಿಂದ ಎಲ್ಲ ವಾಹನಗಳೂ ದೊಡ್ಡ ರಸ್ತೆಗೇ ಬಂದು ಬೀಳುತ್ತವೆ. ಆಮೇಲೆ ಆ ರಸ್ತೆಯನ್ನು ಅಗಲ ಮಾಡುತ್ತ ಹೋಗಬೇಕು. ಆದ್ದರಿಂದ ನೆರೆಯ ಬೀದಿಗಳಿಗೆ ಕೂಡಿಕೊಳ್ಳದ ಹೊಸ ಬೀದಿಗಳನ್ನು ನಾವು ವಹಿಸಿಕೊಳ್ಳುವುದಿಲ್ಲವೆಂದು ರಾಜ್ಯ ಹೇಳಿತು. ಕೆಲವೇ ವರ್ಷಗಳಲ್ಲಿ ನಿಯಮಗಳು ಸಡಿಲಗೊಂಡವು ಎಂಬುದು ಬೇರೆ ಮಾತು. ಷಾರ್ಲಟ್ ನಗರ 2007ರಲ್ಲೇ ಬೀದಿಗಳ ವಿನ್ಯಾಸಕ್ಕೆ ಮಾರ್ಗಸೂಚಿ ಮಾಡಿಕೊಂಡಿತ್ತು. ಬೀದಿಗಳು ಹೆಣೆದುಕೊಂಡಿರುವ ಹಳೆಯ ಬಡಾವಣೆಯಲ್ಲಿ ಒಂದೇ ಅಗ್ನಿಶಾಮಕ ಠಾಣೆ ಹೆಚ್ಚು ಮನೆಗಳನ್ನು ಹೊತ್ತಿಗೆ ಸರಿಯಾಗಿ ಮುಟ್ಟಬಲ್ಲದೆಂದು ಅಲ್ಲಿಯವರು ಲೆಕ್ಕ ಹಾಕಿ ತೋರಿಸಿದರು. ನನ್ನಂಥ ಸಹಿ ಹಾಕುವವರಿಗೆ ಈ ಲೆಕ್ಕವನ್ನು ಮೊದಲೇ ಯಾರಾದರೂ ಹೇಳಿದ್ದರೆ ಎನಿಸುತ್ತದೆ. ಹೇಳಿದ್ದರೆ ಕೇಳುತ್ತಿದ್ದೆನೋ, ಅದೂ ಗೊತ್ತಿಲ್ಲ.

ಕೆರೊಲಿನಾದಿಂದ ಮರಳಿದ ಮರುವರ್ಷ ಅದೇ ಪ್ರಸ್ತಾಪ ಮತ್ತೆ ಬಂತು. ಈ ಸಲ ತಂದವರು ಎಳೆಯ ಮಕ್ಕಳ ತಾಯಂದಿರು. ಅದೇ ಭಯಗಳನ್ನು ಅದೇ ಮಾತುಗಳಲ್ಲಿ ಕೇಳಿದೆ. ನಾನು ಎದ್ದು ನಿಂತು ಹಿಂದೆ ನನ್ನ ಸಹಿ ಹಾಕಿದ್ದನ್ನೂ, ಆರತಿ ತಟ್ಟೆಯ ಸಂಗತಿಯನ್ನೂ ಹೇಳಿದೆ. ನನ್ನ ಇಂಗ್ಲಿಷು ಅಲ್ಲಲ್ಲಿ ತಡವರಿಸಿತು. ಕೆಲವೇ ಮತಗಳ ಅಂತರದಲ್ಲಿ ಪ್ರಸ್ತಾಪ ಗೆದ್ದಿತು.

ಕಾಲುದಾರಿ ಈಗ ನಮ್ಮ ಅಡಿಗೆಮನೆಯ ಕಿಟಕಿಯ ಪಕ್ಕದಲ್ಲೇ ಹಾಯುತ್ತದೆ. ಶಾಲೆ ಬಿಡುವ ಹೊತ್ತಿಗೆ ಸ್ವಲ್ಪ ಗದ್ದಲ, ನಾಯಿಗಳನ್ನು ತರುವವರ ಬಗ್ಗೆ ನನ್ನದೊಂದು ದೂರು ಇದ್ದೇ ಇದೆ. ಕಳ್ಳರು ಬಂದಿಲ್ಲ. ಆ ಕಡೆಯ ಮನೆಯವರು ಎಂದೋ ಟೆಕ್ಸಸ್‌ಗೆ ಹೋದರು. ಈಗ ಅಲ್ಲಿ ಕೊರಿಯಾದ ದಂಪತಿಗಳಿದ್ದಾರೆ. ದಾರಿ ತೆರೆದ ದಿನ ನಾನು ಕೈಗಡಿಯಾರ ನೋಡಿಕೊಂಡು ಅವರ ಬಾಗಿಲವರೆಗೆ ನಡೆದೆ. ನಾಲ್ಕು ನಿಮಿಷ. ಕಳೆದ ವರ್ಷದಿಂದ ಯಜಮಾನರಿಗೆ ಕಣ್ಣಿನ ತೊಂದರೆಯಾಗಿ ಕತ್ತಲಾದ ಮೇಲೆ ಕಾರು ಓಡಿಸುವುದನ್ನು ಬಿಟ್ಟಿದ್ದಾರೆ. ಆ ಬಡಾವಣೆಯಾಚೆಯ ಔಷಧಿ ಅಂಗಡಿಗೆ ಸಂಜೆ ಟಾರ್ಚು ಹಿಡಿದು ನಡೆದೇ ಹೋಗುತ್ತಾರೆ. ಹೋಗಿ ಬರಲು ಇಪ್ಪತ್ತೆರಡು ನಿಮಿಷ ಸಾಕು. ಅವರು ಬರುವುದು ಯಾವಾಗಲೂ ನಲವತ್ತಕ್ಕೆ. ದಾರಿಯಲ್ಲಿ ಯಾರಾದರೂ ಸಿಗುತ್ತಾರಂತೆ.